ವರ್ಜಿಲ್ ಟ್ಯಾಕೆಟ್‌ನ ಆರು ಕುಪ್ಪೆ ಸಗಣಿ

ಅರ್ಧ ಬೆಲೆಗೆ ಸಿಗುವ ವಸ್ತುವನ್ನು ಅಂಗಡಿಯಲ್ಲೇ ಬಿಟ್ಟು ಬರುವ ಮನೋಬಲವನ್ನು ದೇವರು ವರ್ಜಿಲ್ ಟ್ಯಾಕೆಟ್‌ಗೆ ಕೊಟ್ಟಿರಲಿಲ್ಲ. ಮೂರು ವಾರದ ಹಿಂದೆ ಪೇಟೆಯ ಪಶು ಆಹಾರದ ಅಂಗಡಿಯಲ್ಲಿ, ದನಗಳ ಬೆನ್ನಿಗೆ ಸುರಿಯುವ ಜಂತುಹುಳದ ಔಷಧಿಯ ಎರಡು ಕ್ಯಾನುಗಳು ಅರ್ಧ ಬೆಲೆಯ ಚೀಟಿ ಅಂಟಿಸಿಕೊಂಡು ಕೂತಿದ್ದವು. ಒಂದನ್ನು ವರ್ಜಿಲ್ ಎತ್ತಿಕೊಂಡು ಬಂದ. ಅವನ ಹಸುಗಳಿಗೆ ಜಂತುಹುಳದ ಬಾಧೆ ಏನೂ ಇರಲಿಲ್ಲ. ಆದರೆ ಔಷಧಿ ಇತ್ತಲ್ಲ, ಅದನ್ನೇನು ತಾನು ಕುಡಿಯಲಾದೀತೇ? ನಲವತ್ತು ಹಸುಗಳ ಬೆನ್ನಿಗೂ ಧಾರಾಳವಾಗಿ ಸುರಿದು, ಸೀಟಿ ಹೊಡೆಯುತ್ತ ಮನೆಗೆ ಬಂದಿದ್ದ.

ತಾನು ಮಾಡಿಕೊಂಡದ್ದು ಏನು ಎಂಬುದು ಅವನಿಗೆ ಗೊತ್ತಾದದ್ದು ಜೂನ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಏಳು ಗಂಟೆಗೆ. ತಿಂಡಿಗೆ ಮೆತ್ತನೆಯ ಬನ್ನಿನಂಥ ಬಿಸ್ಕಿಟ್ ಮೇಲೆ ಬಿಸಿ ಗ್ರೇವಿ ಸುರಿದುಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. ಕೌಂಟಿಯ ಕೃಷಿ ಅಧಿಕಾರಿ ಹೊಲಿಸ್ ಮಾತಾಡುತ್ತಿದ್ದ.

“ವರ್ಜಿಲ್, ಮಧ್ಯಾಹ್ನ ಎರಡು ಗಂಟೆಗೆ ನಿನ್ನ ಹುಲ್ಲುಗಾವಲು, ನಾಲ್ಕಕ್ಕೆ ಬಾಯ್ಡ್ ಕ್ರಮ್‌ದು. ನೆನಪಿದೆ ತಾನೆ? ಮಿಸ್ ಓಪಲ್ ಸ್ವತಃ ಬರ್ತಾರೆ. ಈ ಸಲ ಅವರು ಹುಲ್ಲಿನ ಎತ್ತರ ಗಿತ್ತರ ನೋಡಲ್ವಂತೆ.”

“ಮತ್ತಿನ್ನೇನು ನೋಡ್ತಾರಂತೆ? ನನ್ನ ಮುಖಾನಾ?”

“ಸಗಣಿಹುಳ. ಕುಪ್ಪೆ ಕೆದಕಿ ಎಣಿಸಿ ಅಂದಿದ್ದಾರೆ. ಯಾರ ನೆಲದಲ್ಲಿ ಹುಳ ಜಾಸ್ತಿನೋ ಅವರಿಗೇ ಎಂಬತ್ತು ಎಕರೆ ಗುತ್ತಿಗೆ. ಅಂದ ಹಾಗೆ, ನೀನು ಈಚೆಗೆ ಜಂತುಹುಳದ ಔಷಧಿ ಏನೂ ಹಾಕಿಲ್ಲ ತಾನೆ? ಅದು ಸಗಣಿ ಜೊತೆಗೇ ಹೊರಗೆ ಬರುತ್ತೆ ನೋಡು. ಸಗಣಿಹುಳದ ಸಂತಾನಾನೇ ಎದ್ದುಹೋಗುತ್ತೆ.”

“ಛೆ ಛೆ! ನಾನಾ?” ಎಂದ ವರ್ಜಿಲ್. ಗ್ರೇವಿ ತಟ್ಟೆಯಿಂದ ತುಳುಕಿ ಮೇಜಿನ ಮೇಲೆ ಹರಿಯಿತು.

ಒಲೆಯ ಮುಂದೆ ನಿಂತಿದ್ದ ಹೆಂಡತಿ ನೇಡೀನ್ ತಿರುಗಿ ಕೂಡ ನೋಡಲಿಲ್ಲ. “ನಾನು ಹೇಳಿದ್ದೆ, ಬೇಡ ಅಂತ,” ಎಂದಳು.

ವಿಷಯ ಇಷ್ಟು. ವರ್ಜಿಲ್‌ನ ಸ್ವಂತ ನೆಲದಲ್ಲಿ ಇಪ್ಪತ್ತೈದು ಹಸು ಮೇಯಬಹುದು, ಅದಕ್ಕಿಂತ ಒಂದು ಹೆಚ್ಚಾದರೂ ಮಣ್ಣು ತಿನ್ನಬೇಕು. ಉಳಿದ ಹದಿನೈದನ್ನು ಅವನು ಮೇಯಿಸುತ್ತಿದ್ದ ಗುತ್ತಿಗೆ ನೆಲವನ್ನು ಅದರ ಯಜಮಾನ ಜುಲೈಗೆ ಬಿಟ್ಟುಕೊಡು ಎಂದಿದ್ದ. ಅಷ್ಟರಲ್ಲಿ ಬೇರೆ ಹುಲ್ಲು ಸಿಗದಿದ್ದರೆ ಹದಿನೈದು ಹಸು ಹರಾಜಿಗೆ ಹೋಗಬೇಕು. ಅವುಗಳಲ್ಲಿ ಒಂದು ಡಂಪ್ಲಿಂಗ್. ತಾಯಿ ಸತ್ತ ಆ ಕರುವಿಗೆ ನೇಡೀನ್ ತಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಡಂಪ್ಲಿಂಗ್ ಲಾರಿ ಹತ್ತಿದ ದಿನ ತಾನೂ ಅಕ್ಕನ ಮನೆಗೆ ಹೋಗುವುದಾಗಿ ಅವಳು ಎರಡು ಸಲ ಹೇಳಿದ್ದಳು, ಎರಡು ಸಲವೂ ನಗದೆ.

ಆ ಬೆಟ್ಟಸಾಲಿನಲ್ಲಿ ಸಿಗಬಹುದಾಗಿದ್ದ ಹುಲ್ಲು ಒಂದೇ: ಮಿಸ್ ಓಪಲ್ ಯಾನ್ಸಿಯ ಎಂಬತ್ತು ಎಕರೆ. ಆಗಸ್ಟ್‌ನಲ್ಲೂ ಬತ್ತದ ಒರತೆ, ಮೊಣಕಾಲುದ್ದದ ಹುಲ್ಲು, ಅದನ್ನು ಮೇಯಲು ಎರಡೇ ಎರಡು ಮುದಿ ಹೇಸರಗತ್ತೆಗಳು. ವಿಧವೆಯಾದರೂ ಊರಿಗೆಲ್ಲ ‘ಮಿಸ್’ ಆಗಿಯೇ ಉಳಿದಿದ್ದ ಓಪಲ್‌ಗೆ ಎಂಬತ್ತೊಂದು ವರ್ಷ. ಉಗುರಿಗೆ ಗುಲಾಬಿ ಬಣ್ಣ ಹಚ್ಚದೆ ಅವರು ಮನೆಯ ಮೆಟ್ಟಿಲಿಳಿದದ್ದನ್ನು ಯಾರೂ ಕಂಡಿರಲಿಲ್ಲ. ಸಗಣಿಹುಳ ಇಲ್ಲದ ನೆಲ ಸತ್ತ ನೆಲ ಎಂದು ಅವರ ಗಂಡ ಥರ್ಮನ್ ಸಾಯುವವರೆಗೂ ಹೇಳುತ್ತಿದ್ದರಂತೆ. ಆ ನೆಲದ ಮೇಲೆ ಕಣ್ಣು ಹಾಕಿದವರು ಇಬ್ಬರು: ಈಚೆ ಬದಿಯ ವರ್ಜಿಲ್, ರಸ್ತೆಯ ಆಚೆ ಬದಿಯ ಬಾಯ್ಡ್ ಕ್ರಮ್.

ವರ್ಜಿಲ್ ಅರೆಹೊಟ್ಟೆಯಲ್ಲೇ ಎದ್ದು ಹುಲ್ಲುಗಾವಲಿಗೆ ಓಡಿದ. ಬೂಟಿನ ತುದಿಯಿಂದ ಒಂದು ಕುಪ್ಪೆಯನ್ನು ಮಗುಚಿದ. ತಟ್ಟೆಯ ಹಾಗೆ ಇಡಿಯಾಗಿ ಎದ್ದು ಬಂತು, ಅಡಿಯಲ್ಲಿ ಹುಲ್ಲು ಬಿಳಿಚಿಕೊಂಡಿತ್ತು. ಎರಡನೆಯದು, ಮೂರನೆಯದು, ಇಪ್ಪತ್ತನೆಯದು. ಮೂರು ವಾರದ ಸಗಣಿಯೆಲ್ಲ ಊಟ ಮುಗಿದ ಮೇಲೆ ಯಾರೂ ಎತ್ತದ ತಟ್ಟೆಗಳ ಹಾಗೆ ಹೊಲದ ತುಂಬ ಬಿದ್ದಿತ್ತು. ಒಂದರಲ್ಲೂ ತೂತಿಲ್ಲ, ಒಂದರಡಿಯಲ್ಲೂ ಹುಳವಿಲ್ಲ. ಒಂದು ಇರುವೆ ಮಾತ್ರ ದಾರಿ ತಪ್ಪಿ ಬಂದಿತ್ತು. ವರ್ಜಿಲ್ ಅದನ್ನೇ ಸ್ವಲ್ಪ ಹೊತ್ತು ಆಸೆಯಿಂದ ನೋಡಿದ.

ಗಂಟೆ ಎಂಟು. ಮಧ್ಯಾಹ್ನ ಎರಡರೊಳಗೆ ಹುಳ ಎಲ್ಲಿಂದ ತರುವುದು? ಮಿಸ್ ಓಪಲ್‌ರ ನೆಲಕ್ಕೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ, ಅವರು ದುರ್ಬೀನು ಹಿಡಿದೇ ಕಾಫಿ ಕುಡಿಯುವವರು. ಬೇಲಿಗೆ ಒರಗಿ ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಯ್ಡ್‌ನ ಪಿಕಪ್ ಗಾಡಿ ಧೂಳೆಬ್ಬಿಸುತ್ತ ಪೇಟೆಯ ಕಡೆ ಹೋಯಿತು.

“ಕ್ಷೌರಕ್ಕೆ ಹೋಗ್ತಾ ಇದೀನಯ್ಯಾ!” ಎಂದು ಬಾಯ್ಡ್ ಕಿಟಕಿಯಿಂದ ಕೂಗಿದ. “ಮಿಸ್ ಓಪಲ್ ಮುಂದೆ ನೀಟಾಗಿ ನಿಲ್ಬೇಕಲ್ಲ! ನೀನೂ ಸ್ನಾನ ಗೀನ ಮಾಡ್ಕೊ ಮಾರಾಯ!”

ಗಾಡಿ ತಿರುವಿನಲ್ಲಿ ಮರೆಯಾದದ್ದೇ ತಡ, ವರ್ಜಿಲ್ ಸಲಿಕೆ ಮತ್ತು ಮುಚ್ಚಳದ ಬಕೆಟ್ ಹಿಡಿದು ರಸ್ತೆ ದಾಟಿ ಬಾಯ್ಡ್‌ನ ಗೇಟು ಹಾರಿದ.

ಅದೃಷ್ಟ ಎಂದರೆ ಅದೃಷ್ಟ! ಗೇಟಿನ ಒಳಬದಿಯಲ್ಲೇ ಮರದ ನೆರಳಲ್ಲಿ ಸಾಲಾಗಿ ಆರು ಕುಪ್ಪೆ. ಪ್ರತಿಯೊಂದೂ ಜರಡಿಯಂತೆ ತೂತು ತೂತು. ಸಲಿಕೆ ತಾಗಿಸಿದರೆ ಒಳಗೆಲ್ಲ ಮಿಜಿ ಮಿಜಿ. ದಪ್ಪ ಕಪ್ಪು ಹುಳಗಳು ಬಟಾಣಿಯಷ್ಟು, ಗೋಲಿಯಷ್ಟು ಉಂಡೆ ಕಟ್ಟಿಕೊಂಡು ಹಿಂಗಾಲಿನಲ್ಲಿ ಒದ್ದಾಡುತ್ತಿದ್ದವು. ವರ್ಜಿಲ್‌ಗೆ ಹೊಟ್ಟೆಕಿಚ್ಚಾಯಿತು. ಬಾಯ್ಡ್‌ನಂಥ ಸೋಮಾರಿಗೆ ಇಂಥ ಭಾಗ್ಯ! ಸಗಣಿಯಲ್ಲಿ ಒರಟು ಹುಲ್ಲಿನ ನಾರು ಬಹಳ ಇತ್ತು. ‘ಹಳೇ ಒಣಹುಲ್ಲು ಹಾಕ್ತಾನೆ ಜಿಪುಣ’ ಎಂದುಕೊಂಡ. ಒಂದೆರಡು ಹುಳದ ಬೆನ್ನ ಮೇಲೆ ಕೆಸರಿನ ಸಂದಿಯಲ್ಲಿ ಕೆಂಪಗೆ ಏನೋ ಕಂಡಿತು. ಹುಳದ ಮೇಲೆ ನುಸಿ ಸವಾರಿ ಮಾಡುವುದುಂಟಲ್ಲ, ಅದೇ ಇರಬೇಕು ಎಂದು ಬಿಟ್ಟುಬಿಟ್ಟ. ಮೊದಲಿನಿಂದಲೂ ಅಚ್ಚುಕಟ್ಟಿನ ಮನುಷ್ಯ, ಆರನ್ನೂ ನೆಲ ಸಮೇತ ನುಣ್ಣಗೆ ಕೆರೆದು ಬಕೆಟ್ಟಿಗೆ ತುಂಬಿದ.

ಸೊಂಟ ನೇರ ಮಾಡುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಅಂಚೆ ಹಂಚುವ ವರ್ನಾ! ಆ ರಸ್ತೆಯ ಐವತ್ತು ಮನೆಗಳಿಗೂ ಅಂಚೆಗಿಂತ ಮೊದಲು ಸುದ್ದಿ ಹಂಚುವವಳು.

“ಏನೋ ವರ್ಜಿಲ್! ಬಾಯ್ಡ್ ಹೊಲದಲ್ಲಿ ನಿಂದೇನೋ ಕೆಲಸ? ಸಲಿಕೆ ಬೇರೆ!”

ಮಿದುಳು ಕೈಕೊಟ್ಟಾಗ ನಾಲಗೆ ತಾನೇ ಮುಂದಾಗುತ್ತದೆ.

“ಉಂಗುರ!” ಎಂದ ವರ್ಜಿಲ್. “ಮದುವೆ ಉಂಗುರ ಬಿದ್ದೋಯ್ತು ವರ್ನಾ! ನಿನ್ನೆ ಸಂಜೆ ಬಾಯ್ಡ್‌ನ ಕರು ಬೇಲಿಗೆ ಸಿಕ್ಕಿಹಾಕ್ಕೊಂಡಿತ್ತು, ಬಿಡಿಸೋಕೆ ಬಂದಿದ್ದೆ.”

“ಅಯ್ಯೋ ದೇವರೇ! ಮದುವೆ ಉಂಗುರಾನಾ? ಎಷ್ಟು ವರ್ಷದ್ದೋ?”

“ಇಪ್ಪತ್ತಾರು.”

“ಆ ಬಕೆಟ್ಟಲ್ಲಿ?”

“ಅನುಮಾನ ಇರೋ ಸಗಣಿ. ಮನೆಗೊಯ್ದು ತೊಳೆದು ನೋಡೋಣ ಅಂತ.”

ಹೇಳುತ್ತಲೇ ಅವನು ಎಡಗೈಯನ್ನು ಬೆನ್ನ ಹಿಂದೆ ಒಯ್ದು ಉಂಗುರವನ್ನು ತಿರುಚಿದ. ಇಪ್ಪತ್ತಾರು ವರ್ಷ ಸೋಪು ಹಚ್ಚಿದರೂ ಬಾರದೆ ಮೊಂಡು ಹಿಡಿದಿದ್ದ ಉಂಗುರ, ಸಗಣಿ ಮೆತ್ತಿದ ಬೆರಳಿನಿಂದ ಸಲೀಸಾಗಿ ಜಾರಿ ಬಂತು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅದನ್ನು ಅಂಗಿಯ ಎದೆ ಜೇಬಿಗೆ ಇಳಿಬಿಟ್ಟ. ಆ ಜೇಬಿನ ಗುಂಡಿ ಕಿತ್ತುಹೋಗಿ ತಿಂಗಳಾಗಿತ್ತು. ನಂತರ ಬಗ್ಗಿ, ಬಕೆಟ್ಟಿಗೆ ಮುಚ್ಚಳ ಒತ್ತಿ, ಎತ್ತಿಕೊಂಡು, ಹಿಂತಿರುಗಿ ನೋಡದೆ ಓಡಿದ.

“ಹೆದರಬೇಡ ಕಣೋ, ಹುಡುಕೋಣ!” ಎಂದು ವರ್ನಾ ಹಿಂದಿನಿಂದ ಕೂಗಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಒಳ್ಳೆಯ ಹೆಂಗಸು, ಅದೇ ಅವಳಿಂದಾಗುವ ತೊಂದರೆ.

ಅರ್ಧ ಗಂಟೆಯೊಳಗೆ ಹುಳಗಳನ್ನು ತನ್ನ ಹೊಲದಲ್ಲಿ ನೆಲೆಗೊಳಿಸಿ ಹಾಯಾಗಿ ಸ್ನಾನ ಮಾಡಬೇಕೆಂದಿದ್ದ ವರ್ಜಿಲ್ ಮನೆಯಂಗಳ ತಲುಪುವಷ್ಟರಲ್ಲಿ ನೇಡೀನ್ ಕೈಗೆ ಮೈದಾ ಮೆತ್ತಿಕೊಂಡು ಜಗಲಿಯಲ್ಲಿ ನಿಂತಿದ್ದಳು. ಫೋನು ಅವನಿಗಿಂತ ಮುಂಚೆ ಮನೆ ತಲುಪಿತ್ತು.

“ಉಂಗುರ ಕಳೆದಿದೆಯಂತೆ. ರಸ್ತೆಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ!”

“ಅದು ಹಾಗಲ್ಲ ನೇಡೀನ್...”

“ಮತ್ತೆ ಹೇಗೆ? ಕೈ ತೋರಿಸು.” ತೋರಿಸಿದ. ಬೆರಳ ಮೇಲೆ ಇಪ್ಪತ್ತಾರು ವರ್ಷದ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ನೇಡೀನ್ ಕೈಯ ಮೈದಾ ಒರೆಸಿಕೊಂಡಳು. “ನಡಿ. ಹಣ್ಣಿನ ಪೈ ಒಲೆಯಲ್ಲಿ ಸೀದುಹೋದರೂ ಪರವಾಗಿಲ್ಲ. ಮೊದಲು ಉಂಗುರ.”

ಅವಳಿಗೆ ನಿಜ ಹೇಳಿಬಿಡಬೇಕೆಂದು ವರ್ಜಿಲ್‌ಗೆ ಅನ್ನಿಸದೆ ಇರಲಿಲ್ಲ. ಆದರೆ ಹುಳ ಕದ್ದದ್ದು ಗೊತ್ತಾದರೆ ನೇಡೀನ್ ಅವನ್ನು ತಾನೇ ಬಾಯ್ಡ್‌ಗೆ ಒಪ್ಪಿಸಿ ಬರುವ ಜಾತಿ. ಎಂಬತ್ತು ಎಕರೆ ಕೈಗೆ ಬಂದ ಮೇಲೆ ಸಂಜೆ ಜೇಬಿನಿಂದ ಉಂಗುರ ತೆಗೆದು, ಸಿಕ್ಕಿತು ನೋಡು ಅಂದರಾಯಿತು ಎಂದು ಲೆಕ್ಕ ಹಾಕಿದ. ಬಕೆಟ್ಟನ್ನು ದನದ ಕೊಟ್ಟಿಗೆಯ ನೆರಳಲ್ಲಿಟ್ಟು ಅವಳ ಹಿಂದೆ ಹೊರಟ.

ಬಾಯ್ಡ್‌ನ ಹುಲ್ಲುಗಾವಲಿನಲ್ಲಿ ಆಗಲೇ ಎಂಟು ಜನ. ವರ್ನಾ ಅಂಚೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಚರ್ಚಿನ ಹೆಂಗಸರಿಗೆಲ್ಲ ಸಾಲು ಹಂಚಿಕೊಡುತ್ತಿದ್ದಳು. ಒಬ್ಬರ ಕೈಯಲ್ಲಿ ಕುಂಟೆ, ಒಬ್ಬರ ಕೈಯಲ್ಲಿ ಕೋಲು, ಇನ್ನೊಬ್ಬರ ಕೈಯಲ್ಲಿ ಮಜ್ಜಿಗೆ ಸೌಟು.

“ಒಂದು ಕುಪ್ಪೇನೂ ಬಿಡಬೇಡಿ! ಪುಡಿ ಪುಡಿ ಮಾಡಿ ನೋಡಿ!” ವರ್ನಾಳ ಅಪ್ಪಣೆ.

ಹತ್ತರಿಂದ ಹನ್ನೆರಡೂವರೆಯವರೆಗೆ ಅವರು ಬಾಯ್ಡ್‌ನ ಹೊಲದ ಸಗಣಿಯನ್ನೆಲ್ಲ ಬಡಿದರು. ವರ್ಜಿಲ್‌ಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬಕೆಟ್ಟಿನಲ್ಲಿ ಹುಳಗಳು ಬೆಂದುಹೋದರೆ ಎಂಬ ಭಯಕ್ಕೆ, ನೀರು ಕುಡಿದು ಬರುತ್ತೇನೆ ಎಂದು ನಾಲ್ಕು ಸಲ ಕೊಟ್ಟಿಗೆಗೆ ಓಡಿದ, ಮುಚ್ಚಳ ಸರಿಸಿ ಗಾಳಿ ಹಾಕಿದ, ಮತ್ತೆ ಓಡಿ ಬಂದ. ಓಡಾಡಿ ಓಡಾಡಿ ಅವನ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತು. “ಪಾಪ, ಎಷ್ಟು ಸಂಕಟ ಪಡ್ತಾ ಇದಾನೆ ನೋಡಿ,” ಎಂದು ಹೆಂಗಸರು ಮಾತಾಡಿಕೊಂಡರು. ಅದನ್ನು ಕೇಳಿ ನೇಡೀನ್ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಾಯ್ಡ್ ಕ್ಷೌರ ಮಾಡಿಸಿಕೊಂಡು, ಎಣ್ಣೆ ಮಿರಮಿರ ಮಿಂಚಿಸುತ್ತ ಬಂದದ್ದು ಆಗ. ತನ್ನ ಹೊಲದಲ್ಲಿ ಜಾತ್ರೆ ನೆರೆದದ್ದನ್ನು ಕಂಡು ಗಾಡಿಯಿಂದ ಹಾರಿದ.

“ಏನಿದು? ಏನ್ ಮಾಡ್ತಾ ಇದೀರಿ ನೀವೆಲ್ಲಾ?”

“ವರ್ಜಿಲ್‌ನ ಮದುವೆ ಉಂಗುರ ಹುಡುಕ್ತಾ ಇದೀವಿ,” ಎಂದಳು ವರ್ನಾ. “ನಿನ್ನ ಕರು ಬಿಡಿಸೋಕೆ ಬಂದು ಕಳ್ಕೊಂಡನಂತೆ, ಪುಣ್ಯಾತ್ಮ.”

“ನನ್ನ ಕರು?” ಎಂದ ಬಾಯ್ಡ್. ಅವನ ಕಣ್ಣು ಗೇಟಿನ ಪಕ್ಕದ ಮರದ ನೆರಳಿಗೆ ಹೋಯಿತು. ಅಲ್ಲಿ ಸಾಲಾಗಿ ಆರು ಬೋಳು ಜಾಗ, ನುಣ್ಣಗೆ ಕೆರೆದದ್ದು. ಬಾಯ್ಡ್ ವರ್ಜಿಲ್‌ನನ್ನು ನೋಡಿದ. ವರ್ಜಿಲ್ ಆಕಾಶ ನೋಡಿದ. ಬಾಯ್ಡ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

“ಹುಡುಕಿ, ಹುಡುಕಿ. ಪರವಾಗಿಲ್ಲ,” ಎಂದ ಕ್ಷೀಣವಾಗಿ.

ಇಷ್ಟು ದೊಡ್ಡ ಮನಸ್ಸು ಬಾಯ್ಡ್‌ಗೆ ಯಾವಾಗ ಬಂತು ಎಂದು ವರ್ಜಿಲ್‌ಗೆ ಆಶ್ಚರ್ಯವಾಯಿತು. ಆದರೆ ಆಶ್ಚರ್ಯಪಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಹೆಂಗಸರು ಕೈಚೆಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಂತೆ ಅವನು ಕೊಟ್ಟಿಗೆಗೆ ಓಡಿ, ಬಕೆಟ್ ಹಿಡಿದು, ತನ್ನ ಹುಲ್ಲುಗಾವಲಿನ ಮುಂಭಾಗದಲ್ಲಿ ಬೆಳಗಿನ ಆರು ಹಸಿ ಕುಪ್ಪೆಗಳನ್ನು ಆರಿಸಿ, ಒಂದೊಂದನ್ನೂ ಬಗೆದು, ಹುಳಗಳನ್ನು ಅವುಗಳ ಸಾಮಾನು ಸರಂಜಾಮು ಸಮೇತ ಒಳಗಿಟ್ಟು, ಮೇಲೆ ಮುಚ್ಚಿದ. ಹುಳಗಳು ಮನೆ ಬದಲಾಯಿಸಿದ್ದಕ್ಕೆ ತಕರಾರು ಮಾಡದೆ ಕೆಲಸ ಮುಂದುವರಿಸಿದವು. ಸ್ನಾನಕ್ಕೆ ಹೊತ್ತಿರಲಿಲ್ಲ.

ಎರಡು ಗಂಟೆಗೆ ಸರಿಯಾಗಿ ಮಿಸ್ ಓಪಲ್‌ರ ಹಳೆಯ ಪಿಕಪ್ ಬಂದು ನಿಂತಿತು. ಹುಲ್ಲಿನ ಟೊಪ್ಪಿಗೆ, ಊರುಗೋಲು, ಹತ್ತು ಬೆರಳಿಗೂ ಗುಲಾಬಿ ಬಣ್ಣ. ಹೊಲಿಸ್ ಅಂಗಳದ ನಲ್ಲಿಯಿಂದ ಒಂದು ದೊಡ್ಡ ಬಿಳಿ ಬಕೆಟ್ಟಿನ ತುಂಬ ನೀರು ಹಿಡಿದುಕೊಂಡ. ತಿಂಗಳಿಗೊಮ್ಮೆ ಒಬ್ಬರ ಹುಲ್ಲುಗಾವಲಿನಲ್ಲಿ ಎಲ್ಲರೂ ಸೇರಿ ಸುತ್ತಾಡಿ, ತಪ್ಪು ಹುಡುಕಿ, ಕೊನೆಗೆ ಪೈ ತಿಂದು ಹೋಗುವುದು ಅಲ್ಲಿಯ ರೂಢಿ. ಬೆಳಗಿನ ಉಂಗುರದ ಪಡೆಯೆಲ್ಲ ಕಾಲಿಗೆ ಸಗಣಿ ಮೆತ್ತಿಕೊಂಡೇ ಬಂದಿತ್ತು. ಬಾಯ್ಡ್ ಹಿಂದೆ ನಿಂತಿದ್ದ, ಟೊಪ್ಪಿಗೆ ಹಣೆಯವರೆಗೆ ಎಳೆದುಕೊಂಡು.

“ಎಲ್ಲಿಂದ ಶುರು ಮಾಡೋಣ ವರ್ಜಿಲ್?” ಎಂದ ಹೊಲಿಸ್.

“ಎಲ್ಲಾ ಒಂದೇ. ಇಗೋ, ಇಲ್ಲಿಂದ,” ಎಂದು ವರ್ಜಿಲ್ ಉಡಾಫೆಯಾಗಿ ಮೊದಲನೆಯ ಕುಪ್ಪೆ ತೋರಿಸಿದ.

ಹೊಲಿಸ್ ಅದನ್ನು ಎತ್ತಿ ನೀರಿನ ಬಕೆಟ್ಟಿಗೆ ಹಾಕಿ ಕೋಲಿನಿಂದ ಕದಡಿದ. ನಿಧಾನಕ್ಕೆ ಒಂದೊಂದೇ ಹುಳ ತೇಲಿ ಮೇಲೆ ಬಂತು. “ಏಳು!” ಎಂದ. ಎರಡನೆಯದನ್ನೂ ಹಾಕಿದ, ಮೂರನೆಯದನ್ನೂ. ಹೊಲಿಸ್‌ನ ದನಿ ಏರುತ್ತ ಹೋಯಿತು. ಆರನೆಯ ಕುಪ್ಪೆ ಮುಗಿದಾಗ, “ನಲವತ್ತೊಂದು! ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ಇಂಥದ್ದು ನೋಡಿಲ್ಲ!” ಎಂದು ಕುಣಿದಾಡಿಬಿಟ್ಟ. ಹೆಂಗಸರು ಚಪ್ಪಾಳೆ ಹೊಡೆದರು. ನೇಡೀನ್ ಮೊದಲ ಸಲ ನಕ್ಕಳು. ವರ್ಜಿಲ್‌ನ ಕಣ್ಣ ಮುಂದೆ ಡಂಪ್ಲಿಂಗ್ ಎಂಬತ್ತು ಎಕರೆಯ ಹುಲ್ಲಿನಲ್ಲಿ ಕತ್ತಿನವರೆಗೆ ಮುಳುಗಿ ಮೇಯುತ್ತಿತ್ತು.

ಮಿಸ್ ಓಪಲ್ ಮಾತ್ರ ಬಗ್ಗಿ ಬಕೆಟ್ಟನ್ನೇ ನೋಡುತ್ತಿದ್ದರು. ನೀರಿನಲ್ಲಿ ತೊಳೆದುಹೋಗಿ ಹುಳಗಳು ಹೊಸ ಬೂಟಿನ ಹಾಗೆ ಹೊಳೆಯುತ್ತಿದ್ದವು. ಪ್ರತಿಯೊಂದರ ಬೆನ್ನ ಮೇಲೂ ಒಂದೊಂದು ಪುಟ್ಟ ಗುಲಾಬಿ ಚುಕ್ಕೆ. ಅವರು ಒಂದು ಹುಳವನ್ನು ಅಂಗೈಗೆ ತೆಗೆದುಕೊಂಡು, ತಮ್ಮ ಹೆಬ್ಬೆರಳಿನ ಉಗುರನ್ನು ಅದರ ಪಕ್ಕಕ್ಕೆ ಹಿಡಿದರು. ಒಂದೇ ಬಣ್ಣ.

ಚಪ್ಪಾಳೆ ನಿಂತಿತು.

“ಹೋದ ಭಾನುವಾರ ಚರ್ಚ್ ಮುಗಿಸಿ ಬಂದು ಕೂತು ನಾನೇ ಹಚ್ಚಿದ್ದು,” ಎಂದರು ಮಿಸ್ ಓಪಲ್, ತಣ್ಣಗೆ. “ಐವತ್ತು ಹುಳಕ್ಕೆ. ಎಷ್ಟು ದೂರ ಹಾರ್ತಾವೆ ನೋಡೋಣ ಅಂತ.”

ಹೊಲಿಸ್ ಉತ್ಸಾಹದಿಂದ, “ಹಾರಬಹುದಮ್ಮಾ! ಒಂದು ಮೈಲಿ ಸಲೀಸಾಗಿ ಹಾರ್ತಾವೆ!” ಎಂದ.

“ಹಾರಿಯೇ ಬಂದಿವೆ!” ಎಂದು ವರ್ಜಿಲ್ ಆ ಮಾತಿಗೆ ಜೋತುಬಿದ್ದ. “ನನ್ನ ಕಣ್ಣಾರೆ ನೋಡಿದೆ ಮಿಸ್ ಓಪಲ್! ಬೆಳಿಗ್ಗೆ ಗುಂಪುಗುಂಪಾಗಿ ಬಂದು ಇಳಿದವು.”

“ಹೌದಾ?” ಮಿಸ್ ಓಪಲ್ ಬಕೆಟ್ಟಿಗೆ ಕೈ ಹಾಕಿ ತೇಲುತ್ತಿದ್ದ ಒರಟು ನಾರಿನ ಉಂಡೆಯೊಂದನ್ನು ಎತ್ತಿದರು. “ಇದು ಸಗಣಿಯಲ್ಲಪ್ಪಾ, ಲದ್ದಿ. ನನ್ನ ಹೇಸರಗತ್ತೆಗಳದ್ದು. ಹುಳ ಹಾರಿ ಬರುವಾಗ ಬುತ್ತಿ ಕಟ್ಟಿಕೊಂಡು ಬಂದವೋ? ಇಲ್ಲಾ ನಿನ್ನ ಹಸುಗಳೇ ಲದ್ದಿ ಹಾಕೋಕೆ ಶುರು ಮಾಡಿದ್ವೋ?”

ವರ್ಜಿಲ್ ಬಾಯ್ಡ್‌ನ ಕಡೆ ತಿರುಗಿದ. ಬಾಯ್ಡ್ ಇನ್ನಷ್ಟು ಟೊಪ್ಪಿಗೆ ಎಳೆದುಕೊಂಡ. ಆಗ, ಆ ಕ್ಷಣದಲ್ಲಿ ಮಾತ್ರ, ವರ್ಜಿಲ್‌ಗೆ ಎಲ್ಲ ಅರ್ಥವಾಯಿತು: ಗೇಟಿನ ಪಕ್ಕ ಸಾಲಾಗಿ ಜೋಡಿಸಿಟ್ಟ ಆರು ಕುಪ್ಪೆ, ನಾರು, ಕೆಂಪು ಚುಕ್ಕೆ, ಕುಸಿದು ಕೂತ ಬಾಯ್ಡ್.

“ಕದ್ದೋನು ಇವನು!” ಎಂದು ಕಿರುಚಿದ. “ಮಿಸ್ ಓಪಲ್, ನಿಮ್ಮ ಹುಳ ಕದ್ದೋನು ಬಾಯ್ಡ್! ನಾನು ಬಾಯ್ಡ್‌ನಿಂದ ಕದ್ದೆ, ಅಷ್ಟೇ! ನಿಮ್ಮ ಹೊಲಕ್ಕೆ ನಾನು ಕಾಲಿಟ್ಟಿಲ್ಲ, ದೇವರಾಣೆ!”

“ನನ್ನ ಹೊಲದಲ್ಲಿ ಹುಳ?” ಎಂದ ಬಾಯ್ಡ್. ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡುತ್ತಿತ್ತು. “ಬನ್ನಿ ನೋಡೋಣ. ಹೇಗೂ ನಾಲ್ಕು ಗಂಟೆಗೆ ಬರೋರಿದ್ರಲ್ಲ, ಈಗಲೇ ಬನ್ನಿ.”

“ಮೊದಲು ನನ್ನ ಹುಳ,” ಎಂದರು ಮಿಸ್ ಓಪಲ್. ಹೊಲಿಸ್ ಬಕೆಟ್ಟಿನ ನೀರು ಬಸಿದು, ಹುಳ, ಲದ್ದಿ, ಸಗಣಿ ಎಲ್ಲ ಸೇರಿದ ಗಸಿಯನ್ನು ಹಾಗೇ ಅವರ ಪಿಕಪ್ಪಿನಲ್ಲಿಟ್ಟ. ಜನವೆಲ್ಲ ರಸ್ತೆ ದಾಟಿತು.

ಬಾಯ್ಡ್‌ನ ಹುಲ್ಲುಗಾವಲಿನಲ್ಲಿ ಕೆದಕಲು ಒಂದು ಕುಪ್ಪೆಯೂ ಉಳಿದಿರಲಿಲ್ಲ. ಎಲ್ಲ ಪುಡಿ. ವರ್ನಾ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟಳು.

“ಮಿಸ್ ಓಪಲ್, ಇಲ್ಲಿಯ ಕುಪ್ಪೇನೆಲ್ಲಾ ನಾವೇ ಒಡೆದು ನೋಡಿದೀವಿ. ಎಂಟು ಜನ, ಎರಡೂವರೆ ಗಂಟೆ. ಒಂದು ಹುಳ ಅಂತ ಕಂಡಿದ್ರೆ ಕೇಳಿ!”

“ಒಂದೂ ಇರಲಿಲ್ಲ,” ಎಂದರು ಚರ್ಚಿನ ಹೆಂಗಸರು ಒಟ್ಟಾಗಿ.

“ಅದಕ್ಕೆ ಮುಂಚೆ ನಾನು ತಗೊಂಡಿದ್ದೆ!” ಎಂದು ವರ್ಜಿಲ್ ಕುಣಿದಾಡಿದ. “ಇಲ್ಲಿ, ಈ ಗೇಟಿನ ಹತ್ರ! ವರ್ನಾ, ನೀನೇ ನೋಡಿದೆಯಲ್ಲ ಬಕೆಟ್ಟು!”

“ಅದರಲ್ಲಿ ಉಂಗುರ ಹುಡುಕೋ ಸಗಣಿ ಅಂತ ನೀನೇ ಹೇಳಿದೆಯಲ್ಲೋ.”

“ಉಂಗುರ ಕಳೆದದ್ದೇ ಸುಳ್ಳು ಕಣೇ! ಕಳೆದೇ ಇಲ್ಲ! ಹುಳ ಕದಿಯೋಕೆ ಬಂದೋನು ಹಾಗೆ ಹೇಳಿದೆ. ಉಂಗುರ ಇಲ್ಲೇ ನನ್ನ ಜೇಬಲ್ಲಿದೆ, ನೋಡಿ ಬೇಕಾದ್ರೆ!”

ವಿಜಯಿಯಂತೆ ಎದೆ ಜೇಬಿಗೆ ಕೈ ಹಾಕಿದ. ಬೆರಳುಗಳು ತಳ ಮುಟ್ಟಿದವು. ಮೂಲೆ ಮೂಲೆ ತಡಕಿದವು. ಜೇಬನ್ನು ಹೊರಗೆ ಮಗುಚಿದ. ಸ್ವಲ್ಪ ಹುಲ್ಲಿನ ಪುಡಿ ಉದುರಿತು, ಮತ್ತೇನೂ ಇಲ್ಲ. ಪ್ಯಾಂಟಿನ ಜೇಬು, ಹಿಂದಿನ ಜೇಬು, ಬೂಟು ಕೂಡ ಬಿಚ್ಚಿ ಕೊಡವಿದ. ನೇಡೀನ್ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

“ಪಾಪ, ಉಂಗುರ ಕಳೆದ ದುಃಖಕ್ಕೆ ತಲೆ ಕೆಟ್ಟಿದೆ,” ಎಂದಳು ವರ್ನಾ. “ಏನೇನೋ ಬಡಬಡಿಸ್ತಾ ಇದಾನೆ.”

ಬಾಯ್ಡ್ ಆಗ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಹೊಸ ಕ್ಷೌರ ಬಿಸಿಲಿಗೆ ಫಳಫಳ ಹೊಳೆಯಿತು.

“ಮಿಸ್ ಓಪಲ್, ನಿಮ್ಮ ಹತ್ರ ಮುಚ್ಚಿಟ್ಟು ಏನು ಪ್ರಯೋಜನ? ನನ್ನ ಹೊಲದಲ್ಲಿ ಹುಳ ಇಲ್ಲ. ಮೂರು ವಾರದ ಹಿಂದೆ ಅಂಗಡಿಯಲ್ಲಿ ಜಂತುಹುಳದ ಔಷಧಿ ಅರ್ಧ ಬೆಲೆಗೆ ಕೊಟ್ರು, ಕೊನೇ ಕ್ಯಾನು. ಆಸೆ ಬಿದ್ದು ತಂದು ಸುರಿದುಬಿಟ್ಟೆ. ನಾನು ದಡ್ಡ ಇರಬಹುದಮ್ಮಾ. ಆದರೆ ಪಕ್ಕದ ಮನೆಯವನ ಮೇಲೆ ತಪ್ಪು ಹೊರಿಸೋ ಬುದ್ಧಿ ನನಗೆ ಬರಲ್ಲ.”

ಚರ್ಚಿನ ಹೆಂಗಸರಲ್ಲಿ ಇಬ್ಬರು ಮೂಗು ಒರೆಸಿಕೊಂಡರು. ಕಳ್ಳನ ಮನೆಯನ್ನು ವರ್ಜಿಲ್ ತಾನೇ ಗುಡಿಸಿ, ಸಾರಿಸಿ, ಎಂಟು ಜನ ಸಾಕ್ಷಿಗಳನ್ನು ಬೇರೆ ಕೂರಿಸಿ ಬಂದಿದ್ದ.

ಮಿಸ್ ಓಪಲ್ ಊರುಗೋಲಿನ ಮೇಲೆ ಗಲ್ಲವಿಟ್ಟು ಇಬ್ಬರನ್ನೂ ನೋಡಿದರು.

“ಇಬ್ಬರ ಹೊಲದಲ್ಲೂ ಹುಳ ಇಲ್ಲ. ಹಾಗಾದ್ರೆ ಇನ್ನು ಮನುಷ್ಯರನ್ನೇ ನೋಡಬೇಕಲ್ಲ. ಒಬ್ಬ ತಪ್ಪು ಮಾಡಿ ಒಪ್ಪಿಕೊಂಡ. ಇನ್ನೊಬ್ಬ ನನ್ನ ಹುಳ ಕದ್ದು, ಹಾರಿ ಬಂದವು ಅಂದ, ಆಮೇಲೆ ಇವನ ಮೇಲೆ ಹಾಕಿದ, ಆಮೇಲೆ ಉಂಗುರ ಇದೆ ಅಂದ, ಅದೂ ಇಲ್ಲ. ಬಾಯ್ಡ್, ಎಂಬತ್ತು ಎಕರೆ ಇವತ್ತಿಂದ ನಿನಗೆ. ಔಷಧಿ ಕ್ಯಾನು ಹಿಡಿದು ಗೇಟಿನೊಳಗೆ ಬಂದೆಯೋ, ಅವತ್ತೇ ಹೊರಗೆ.”

ಹೋಗುವ ಮುನ್ನ ಬಾಯ್ಡ್ ವರ್ಜಿಲ್‌ನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದ. “ನೀನು ಮಾಡಿದ ಉಪಕಾರ ನಾನು ಸಾಯೋತನಕ ಮರೆಯಲ್ಲ ಕಣಯ್ಯಾ,” ಎಂದ ಮೆಲ್ಲಗೆ. ಅವನು ಇಡೀ ದಿನದಲ್ಲಿ ಆಡಿದ ಅಪ್ಪಟ ಸತ್ಯ ಅದೊಂದೇ.

ಮನೆಯಲ್ಲಿ ಪೈ ಕರಕಲಾಗಿತ್ತು. ನೇಡೀನ್ ಅದನ್ನೇ ಮೇಜಿನ ಮೇಲೆ ತಂದಿಟ್ಟಳು. ಈಗ ವರ್ಜಿಲ್ ಅವಳಿಗೆ ಮೊದಲಿನಿಂದ ಕೊನೆಯವರೆಗೆ ನಿಜ ಹೇಳಿದ. ಅವಳು ಪೂರ್ತಿ ಕೇಳಿದಳು.

“ನಂಬಿದೆ,” ಎಂದಳು. “ಇಷ್ಟು ದಡ್ಡತನದ ಕತೆ ಕಟ್ಟೋಷ್ಟು ಬುದ್ಧಿ ನಿನಗಿಲ್ಲ. ಜೇಬಿಗೆ ಹಾಕಿ ಆಮೇಲೆ ಏನು ಮಾಡಿದೆ?”

“ಬಗ್ಗಿ ಬಕೆಟ್...” ಎನ್ನುತ್ತ ವರ್ಜಿಲ್ ನಿಂತುಬಿಟ್ಟ.

ಅವನ ಬಕೆಟ್ಟಿನಿಂದ ಆರು ಕುಪ್ಪೆಗೆ, ಕುಪ್ಪೆಯಿಂದ ಹೊಲಿಸ್‌ನ ಬಕೆಟ್ಟಿಗೆ, ಅಲ್ಲಿಂದ ಮಿಸ್ ಓಪಲ್‌ರ ಪಿಕಪ್ಪಿಗೆ. ಹುಳಗಳು ತೇಲಿದ್ದವು. ಬಂಗಾರ ತೇಲುವುದಿಲ್ಲ. ಅವನು ಮಿಸ್ ಓಪಲ್‌ರಿಗೆ ಫೋನು ಮಾಡಿದ. ಬಕೆಟ್ಟನ್ನು ಮರದ ಕೆಳಗೆ ಹೇಸರಗತ್ತೆಗಳ ಹತ್ತಿರ ಸುರಿದು ಮೂರು ಗಂಟೆ ಹೊತ್ತಾಯಿತು, ಹುಳಗಳು ಆಗಲೇ ಎಲ್ಲವನ್ನೂ ಮಣ್ಣಿನೊಳಕ್ಕೆ ಸಾಗಿಸುತ್ತಿವೆ, ಬಹಳ ಚುರುಕು ಎಂದರು ಮಿಸ್ ಓಪಲ್. ಹುಡುಕಲು ಬರಬಹುದೇ ಎಂದು ಕೇಳಿದ್ದಕ್ಕೆ, “ನನ್ನನ್ನು ಯಾಕಪ್ಪಾ ಕೇಳ್ತೀಯ? ಗುತ್ತಿಗೆದಾರನನ್ನ ಕೇಳು,” ಎಂದು ಫೋನಿಟ್ಟರು.

ಗುತ್ತಿಗೆದಾರ ಉದಾರವಾಗಿಯೇ ಇದ್ದ. “ಧಾರಾಳವಾಗಿ ಬಾ ಮಾರಾಯ. ಸಲಿಕೆ ಮಾತ್ರ ಬೇಡ, ಹುಳಕ್ಕೆ ಪೆಟ್ಟಾಗುತ್ತೆ. ಚಮಚ ತಗೊಂಡು ಬಾ.”

“ಹದಿನಾಲ್ಕು ಹಸು ಹೋದ್ರೆ ಹೋಗಲಿ,” ಎಂದಳು ನೇಡೀನ್ ಬಾಗಿಲಲ್ಲಿ ನಿಂತು, ಅವನ ಕೈಗೆ ಒಂದು ಚಮಚ ಕೊಟ್ಟು. “ಡಂಪ್ಲಿಂಗ್ ನನ್ನ ಜೊತೆ ಇಲ್ಲೇ ಇರುತ್ತೆ, ಅದರ ಬದಲು ನಿನ್ನ ಪಿಕಪ್ ಹರಾಜಿಗೆ ಹಾಕು. ಉಂಗುರ ಇಲ್ಲದೆ ಮಾತ್ರ ಮನೆಗೆ ಬರಬೇಡ.”

ಜೂನಿನ ಇಳಿಬಿಸಿಲಿನಲ್ಲಿ ವರ್ಜಿಲ್ ಕೊನೆಗೂ ಆ ಎಂಬತ್ತು ಎಕರೆಯಲ್ಲಿ ಕಾಲಿಟ್ಟ, ಕಾಲೇನು, ಮೊಣಕಾಲನ್ನೇ ಊರಿದ. ಹುಲ್ಲು ನಿಜಕ್ಕೂ ಸೊಂಪಾಗಿತ್ತು. ನೆಲದ ತುಂಬ ಬೆರಳು ಹೋಗುವಷ್ಟು ತೂತುಗಳು. ಒಂದೊಂದೇ ತೂತನ್ನು ಚಮಚದಿಂದ ಬಗೆಯುತ್ತ ಹೋದ. ಬೆನ್ನಿಗೆ ಗುಲಾಬಿ ಚುಕ್ಕೆಯಿದ್ದ ಹುಳವೊಂದು ತನ್ನ ಉಂಡೆಯನ್ನು ಹಿಂಗಾಲಿನಲ್ಲಿ ತಳ್ಳಿಕೊಂಡು ಅವನ ಮೂಗಿನ ಮುಂದೆಯೇ ಹಾದುಹೋಯಿತು. ಉಂಗುರ ಆ ಉಂಡೆಯೊಳಗೇ ಇದ್ದರೆ ಎಂದು ಅದನ್ನು ಅಂಗೈಗೆ ಹಾಕಿಕೊಂಡು ಒಡೆದ. ಇರಲಿಲ್ಲ. ಹೇಸರಗತ್ತೆಗಳೆರಡೂ ಮೇಯುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದವು. ದೂರದ ಜಗಲಿಯಲ್ಲಿ ದುರ್ಬೀನಿನ ಗಾಜು ಮಿಂಚಿತು.

ರಸ್ತೆಯಲ್ಲಿ ಹಾರ್ನ್ ಆಯಿತು. ವರ್ನಾ ಅಂಚೆ ಮುಗಿಸಿ ಮನೆಗೆ ಹೊರಟಿದ್ದಳು.

“ಅಯ್ಯೋ ವರ್ಜಿಲ್!” ಎಂದು ಬೇಲಿಯಾಚೆಯಿಂದ ಮರುಗಿ ಕೂಗಿದಳು. “ಉಂಗುರ ಕಳೆದದ್ದು ಬಾಯ್ಡ್ ಹೊಲದಲ್ಲಲ್ವೇನೋ? ಇಲ್ಲೇನೋ ಹುಡುಕ್ತಾ ಇದೀಯ?”

ವರ್ಜಿಲ್ ಚಮಚವನ್ನು ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಇದೂ ಈಗ ಬಾಯ್ಡ್ ಹೊಲಾನೇ ವರ್ನಾ,” ಎಂದ.